ನಲವತ್ತೊಂದು ಸೆಕೆಂಡ್ ಕಾದ ತಪ್ಪಿಗೆ

ಶಿಕ್ಷಕರ ತರಬೇತಿ ಮಂಡಳಿಯ ಮಾನ್ಯ ಮೌಲ್ಯಮಾಪನ ನಿರ್ದೇಶಕರೇ,

ನೀವು ಒಬ್ಬ ಒಳ್ಳೆಯ ಭಾಷಾ ಶಿಕ್ಷಕಿಯನ್ನು ಫೇಲು ಮಾಡಿದ್ದೀರಿ. ಆಕೆ ಮಾಡಿದ ಅಪರಾಧ ಇಷ್ಟೇ: ಒಂದು ಮಗುವಿಗೆ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ನಲವತ್ತೊಂದು ಸೆಕೆಂಡ್ ಸುಮ್ಮನೆ ಕಾದಳು. ನಿಮ್ಮ ಕಚೇರಿ ಪರೀಕ್ಷಕನ ಕುರ್ಚಿಯಲ್ಲಿ ಕೂರಿಸಿರುವ ಚಾಟ್‌ಬಾಟ್ ಅದನ್ನು ‘ನಿಷ್ಕ್ರಿಯ ಅವಧಿ’ ಎಂದು ಬರೆದು ಅಂಕ ಕತ್ತರಿಸಿತು. ಈ ತಿಂಗಳ ಕೊನೆಗೆ ನೇಮಕಾತಿ ಪಟ್ಟಿ ಮುಚ್ಚುತ್ತದೆ. ಆಕೆಗೀಗ ಮೂವತ್ತೊಂಬತ್ತು ವರ್ಷ. ನಲವತ್ತು ತುಂಬಿದವರು ಅರ್ಜಿ ಹಾಕುವಂತಿಲ್ಲ ಎಂಬ ನಿಯಮವೂ ನಿಮ್ಮದೇ ಆದ್ದರಿಂದ, ಮುಂದಿನ ವರ್ಷ ನೋಡಿಕೊಳ್ಳಲಿ ಎಂಬ ಸಮಾಧಾನ ನಮಗೆ ಬೇಡ. ಇದೇ ವಿಷಯವಾಗಿ ನಿಮಗೆ ಮೂರು ಪತ್ರ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು, ಅಲ್ಪವಿರಾಮ ಕೂಡ ಬದಲಾಗದೆ. ಆದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಯಂತ್ರದ್ವೇಷಿಯಲ್ಲ. ‘ಹಳೇ ಕಾಲದ ಮೇಡಂ, ಹೊಸದು ಕಂಡರೆ ಆಗಲ್ಲ’ ಎಂದು ನನ್ನ ಕಡತದ ಮೇಲೆ ಬರೆಯಲು ನಿಮ್ಮ ಗುಮಾಸ್ತರು ಪೆನ್ನು ತೆಗೆದಿದ್ದರೆ ದಯವಿಟ್ಟು ಮುಚ್ಚಿಡಲಿ. ಇಪ್ಪತ್ತಾರು ವರ್ಷದಿಂದ ಭಾಷಾ ಶಿಕ್ಷಕರಿಗೆ ತರಬೇತಿ ಕೊಡುತ್ತಿರುವ ನಾನೇ ನಮ್ಮ ಕೇಂದ್ರಕ್ಕೆ ಚಾಟ್‌ಬಾಟನ್ನು ಕರೆತಂದವಳು. ಪ್ರತಿ ಬುಧವಾರ ಮೂರನೆಯ ಪೀರಿಯಡ್ಡಿನಲ್ಲಿ ಅದನ್ನು ಗೋಡೆಯ ಪರದೆಯ ಮೇಲೆ ತೆರೆದು, ಏನಾದರೊಂದು ಕೇಳಿ, ಅದರ ಉತ್ತರದ ಜತೆ ಎಲ್ಲರೂ ಸೇರಿ ಜಗಳವಾಡುತ್ತಿದ್ದೆವು. ವೇಳಾಪಟ್ಟಿಯಲ್ಲಿ ಅದರ ಹೆಸರು ‘ವಿಮರ್ಶಾತ್ಮಕ ಬಳಕೆ’. ನಮ್ಮ ಬಾಯಲ್ಲಿ ‘ಜಗಳದ ಗಂಟೆ’. ಚಾಟ್‌ಬಾಟಿನ ಹೆಸರು ‘ಬಾಟಣ್ಣ’.

ಬಾಟಣ್ಣ ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅವನ ಜಾಯಮಾನದಲ್ಲೇ ಇಲ್ಲ. ಒಮ್ಮೆ ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಮಕ್ಕಳಿಗೆ ವಿವರಿಸು ಎಂದೆವು. ಮನೆಯ ಹಿಂದೆ ಬೆಳೆದ ಗಿಡಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು ಎಂದು ಮೂರು ಪ್ಯಾರಾ ಬರೆದ. ನೀನು ತಪ್ಪು ಎಂದರೆ ಕ್ಷಮೆ ಕೇಳಿದ. ಇಲ್ಲ, ನೀನು ಸರಿಯಾಗೇ ಹೇಳಿದ್ದೆ ಎಂದರೆ ಅದಕ್ಕೂ ಕ್ಷಮೆ ಕೇಳಿದ. ಇನ್ನೊಮ್ಮೆ ನಾನೇ ತಪ್ಪಿದ್ದೆ, ಅವನು ಸರಿಯಿದ್ದ. ಆ ದಿನ ಪ್ರಶಿಕ್ಷಣಾರ್ಥಿಗಳು ನನ್ನನ್ನು ಊಟದ ತನಕ ಬಿಡದೆ ಕಾಡಿದರು. ನನಗೆ ಬೇಕಾಗಿದ್ದುದೂ ಅದೇ. ಯಾರು ಹೇಳಿದರು ಎಂಬುದನ್ನು ಬದಿಗಿಟ್ಟು, ಹೇಳಿದ್ದು ನಿಜವೇ ಎಂದು ಕೇಳುವ ಅಭ್ಯಾಸ ಶಿಕ್ಷಕರಿಗೇ ಇಲ್ಲದಿದ್ದರೆ ಅವರ ಕೈಯಲ್ಲಿ ಕಲಿಯುವ ಮಕ್ಕಳಿಗೆ ಎಲ್ಲಿಂದ ಬರಬೇಕು?

ಹೀಗಿರುವಾಗ ನಿಮ್ಮ ಸುತ್ತೋಲೆ ಬಂತು. ಅಂತಿಮ ಬೋಧನಾ ಪರೀಕ್ಷೆಯನ್ನು ಇನ್ನು ಮುಂದೆ ಚಾಟ್‌ಬಾಟೇ ಮೌಲ್ಯಮಾಪನ ಮಾಡುತ್ತದೆ. ಪಾಠದ ಧ್ವನಿಮುದ್ರಿಕೆ ಕಳಿಸಿದರೆ ಸಾಕು. ತರಗತಿಯಲ್ಲಿ ಕೂರುವ ತರಬೇತುದಾರರು ‘ಸಾಕ್ಷಿ’ ಮಾತ್ರ, ಅಂಕ ಕೊಡುವಂತಿಲ್ಲ. ಅದರ ಕೊನೆಯ ಸಾಲಂತೂ ಚಿನ್ನದ ಚೌಕಟ್ಟು ಹಾಕಿಸಿ ಇಡುವಂಥದ್ದು: ‘ಮೌಲ್ಯಮಾಪಕರೊಂದಿಗೆ ಪ್ರಶಿಕ್ಷಣಾರ್ಥಿಗಳು ವಾದ ಮಾಡುವುದು ಶಿಸ್ತಿಗೆ ಧಕ್ಕೆಯಾದ್ದರಿಂದ ಬುಧವಾರದ ಸದರಿ ಪೀರಿಯಡ್ಡನ್ನು ರದ್ದುಪಡಿಸಲಾಗಿದೆ.’ ನೋಡಿ, ವಾರಕ್ಕೊಮ್ಮೆ ನಮ್ಮಿಂದ ಬೈಸಿಕೊಳ್ಳುತ್ತಿದ್ದವನು ರಾತ್ರಿ ಬೆಳಗಾಗುವುದರಲ್ಲಿ ನಮಗೆಲ್ಲ ಮೇಲಧಿಕಾರಿಯಾದ. ಇಷ್ಟು ಬೇಗ ಬಡ್ತಿ ಸಿಕ್ಕ ಇನ್ನೊಬ್ಬ ನೌಕರ ನಿಮ್ಮ ಇಲಾಖೆಯಲ್ಲಿ ಇದ್ದಾನೆಯೇ?

ಈಗ ಆಕೆಯ ವಿಷಯಕ್ಕೆ ಬರುತ್ತೇನೆ. ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ಹನ್ನೊಂದು ವರ್ಷ ನಿಂತು, ತಂಗಿಯನ್ನು ಓದಿಸಿ, ಆಮೇಲೆ ತಾನು ಓದಲು ಬಂದವಳು. ನಮ್ಮಲ್ಲಿ ಎಲ್ಲರೂ ಅವಳನ್ನು ಅಂಗಡಿಯಕ್ಕ ಎಂದೇ ಕರೆಯುತ್ತಿದ್ದರು. ಜಗಳದ ಗಂಟೆಯಲ್ಲಿ ಅವಳಷ್ಟು ಜೋರು ಬಾಯಿ ಬೇರಾರದೂ ಇರಲಿಲ್ಲ. ಆದರೆ ಮಕ್ಕಳ ಮುಂದೆ ನಿಂತರೆ ಅದೇ ಬಾಯಿಗೆ ಎಲ್ಲಿಲ್ಲದ ತಾಳ್ಮೆ. ಇಷ್ಟು ಹೊತ್ತು ಕಾಯುವುದನ್ನು ಎಲ್ಲಿ ಕಲಿತೆಯಮ್ಮಾ ಎಂದು ಒಮ್ಮೆ ಕೇಳಿದ್ದೆ. “ಅಂಗಡೀಲಿ ಮೇಡಂ,” ಅಂದಳು. “ಗಿರಾಕಿ ಸುಮ್ನಿದ್ದಾರೆ ಅಂದ್ರೆ ಬೇಡ ಅಂತಲ್ಲ, ಯೋಚ್ನೆ ಮಾಡ್ತಿದ್ದಾರೆ ಅಂತ. ಆಗ ನಾವು ಬಾಯಿ ಹಾಕಿದ್ವೋ, ಎದ್ದು ಹೋಗ್ತಾರೆ.” ನನ್ನ ಇಪ್ಪತ್ತಾರು ವರ್ಷದ ಟಿಪ್ಪಣಿಗಳಲ್ಲಿ ಇದಕ್ಕಿಂತ ಚೆನ್ನಾದ ಬೋಧನಾ ಸೂತ್ರ ಇಲ್ಲ.

ಪರೀಕ್ಷೆಯ ದಿನ ಆರನೆಯ ತರಗತಿ, ಮೂವತ್ತನಾಲ್ಕು ಮಕ್ಕಳು. ಮೇಜಿನ ಮೇಲೆ ನಿಮ್ಮ ಧ್ವನಿಮುದ್ರಣ ಯಂತ್ರ, ಅದರ ನೇರ ಮೇಲೆ ಕಟಕಟ ಎನ್ನುವ ಫ್ಯಾನು. ಕೊನೆಯ ಸಾಲಿನಲ್ಲಿ ನಾನು ಮತ್ತು ಆ ತರಗತಿಯ ಶಿಕ್ಷಕಿ. ಅಂಗಡಿಯಕ್ಕ ಮುಚ್ಚಿದ ಬಾಗಿಲಿನ ಒಂದು ಚಿತ್ರ ತೋರಿಸಿ, ಒಳಗೆ ಏನಿರಬಹುದು ಎಂದು ಮಕ್ಕಳನ್ನು ಕೇಳುತ್ತಾ ಹೋದಳು. ದೆವ್ವ ಅಂದ ಒಬ್ಬ. ಇನ್ನೊಬ್ಬ ಎದ್ದುನಿಂತು “ಹೆಡ್‌ಮಾಸ್ಟ್ರು” ಅಂದ, ತರಗತಿಯೆಲ್ಲ ನಕ್ಕಿತು. ಆಮೇಲೆ ಕಿಟಕಿ ಪಕ್ಕದ ಹುಡುಗಿಯ ಸರದಿ. ಬೇರೆ ಮಾತಿನ ಮನೆಯಿಂದ ಬಂದ ಮಗು ಅದು. ಶಾಲೆಗೆ ಸೇರಿ ಏಳು ತಿಂಗಳಾಗಿದ್ದರೂ ತರಗತಿಯಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ಮಕ್ಕಳು ಮೌನಗೌರಿ ಎಂದು ಹೆಸರಿಟ್ಟು ಮರೆತೇಬಿಟ್ಟಿದ್ದರು.

ಅಂಗಡಿಯಕ್ಕ ಅವಳನ್ನು ಕೇಳಿದಳು. ಕಾದಳು. ಪಕ್ಕದ ಹುಡುಗ ತಾನೇ ಹೇಳಲು ಎದ್ದಾಗ ಅಂಗೈ ತೋರಿಸಿ ಕೂರಿಸಿದಳು. ಆ ಮಗುವನ್ನು ದುರುಗುಟ್ಟಿ ನೋಡಲಿಲ್ಲ, ನಗುತ್ತಾ ಒತ್ತಾಯ ಮಾಡಲೂ ಇಲ್ಲ. ಚಿತ್ರವನ್ನು ತಾನೂ ಮೊದಲ ಸಲ ನೋಡುತ್ತಿರುವಂತೆ ನೋಡುತ್ತಾ ನಿಂತಳು. ನಾನೇ ಕುರ್ಚಿಯಲ್ಲಿ ಮಿಸುಕಾಡಿದೆ, ಸಾಕು ಮುಂದೆ ಹೋಗಮ್ಮಾ ಎಂದುಕೊಂಡೆ. ಆಗ ಆ ಹುಡುಗಿ ಮೆಲ್ಲಗೆ, ಒಂದೊಂದೇ ಪದ ಹುಡುಕಿ ತೆಗೆದು ಹೇಳಿದಳು: “ಒಳಗೆ... ಅಜ್ಜಿ ಮಲಗಿದ್ದಾರೆ. ನಾವು... ಸದ್ದು ಮಾಡಬಾರದು.”

ಮೂವತ್ತಮೂರು ಮಕ್ಕಳು ತಿರುಗಿ ನೋಡಿದರು. ನನ್ನ ಪಕ್ಕದಲ್ಲಿದ್ದ ತರಗತಿ ಶಿಕ್ಷಕಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, “ಏಳು ತಿಂಗಳಾಯ್ತು ಮೇಡಂ, ಇದರ ದನಿ ಹೇಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ,” ಅಂದರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಇದಕ್ಕೆ ನಿಮ್ಮ ಬಾಟಣ್ಣನ ವರದಿ: ‘ನಿಷ್ಕ್ರಿಯ ಅವಧಿ: 41 ಸೆಕೆಂಡ್. ವಿದ್ಯಾರ್ಥಿಯಿಂದ ಉತ್ತರ ಬಂದಿಲ್ಲ. ಸಲಹೆ: ಮೂರು ಸೆಕೆಂಡಿನೊಳಗೆ ಉತ್ತರ ಬಾರದಿದ್ದಲ್ಲಿ ಶಿಕ್ಷಕರೇ ಉತ್ತರ ನೀಡಿ ಪಾಠದ ವೇಗ ಕಾಪಾಡಿಕೊಳ್ಳುವುದು. ಫಲಿತಾಂಶ: ಅನುತ್ತೀರ್ಣ.’ ಫ್ಯಾನಿನ ಸದ್ದಿನಲ್ಲಿ ಮಗುವಿನ ದನಿ ಅವನಿಗೆ ಕೇಳಿಸಲಿಲ್ಲ. ಕೇಳಿಸದಿದ್ದುದು ಅವನ ತಪ್ಪಲ್ಲ ಅನ್ನೋಣ. ಆದರೆ ಕೇಳಿಸಲಿಲ್ಲ ಎಂದು ಬರೆಯುವ ಬದಲು ಉತ್ತರ ಬಂದಿಲ್ಲ ಎಂದು ಬರೆದನಲ್ಲ, ಅದಕ್ಕೆ ಏನನ್ನಬೇಕು? ಹಿತ್ತಲ ಗಿಡದ ಬಗ್ಗೆ ಅವನು ಬರೆದಾಗ ಇಡೀ ತರಗತಿ ಎದ್ದು ನಿಂತು ತಿದ್ದಿತ್ತು. ಇಲ್ಲಿ ತಿದ್ದುವವರು ಯಾರು?

ಹೀಗೆ ಕೇಳಿದ್ದಕ್ಕೇ ನಿಮ್ಮ ಆ ಅಚ್ಚುಕಟ್ಟಾದ ಉತ್ತರ ಬಂದದ್ದು. ‘ತಮ್ಮ ಭಾವನೆಗಳನ್ನು ನಾವು ಗೌರವಿಸುತ್ತೇವೆ’ ಎಂದು ಶುರುವಾಗುತ್ತದೆ. ಅದನ್ನು ಬರೆದವರು ಯಾರು ಎಂದು ನನಗೆ ಗೊತ್ತು. ಒಂದು ವರ್ಷ ಬುಧವಾರ ಬುಧವಾರ ಅವನ ಶೈಲಿ ಓದಿದ್ದೇನೆ. ಎರಡನೆಯ ಪ್ಯಾರಾದಲ್ಲಿ ಹೀಗಿತ್ತು: ‘ಯಂತ್ರದ ಪ್ರತಿ ವರದಿಯನ್ನೂ ಅನುಭವಿ ತರಬೇತುದಾರರೊಬ್ಬರು ಓದಿ, ಒಪ್ಪಿ, ಸಹಿ ಮಾಡಿರುತ್ತಾರೆ.’ ಯಾರಪ್ಪಾ ಆ ಅನುಭವಿ, ಎದುರಿಗೆ ಸಿಕ್ಕರೆ ನೀರಿಳಿಸುತ್ತೇನೆ ಎಂದು ನಿಮ್ಮ ಕಚೇರಿಗೆ ಬಂದೆ. ನಮ್ಮ ಕೇಂದ್ರಕ್ಕೆ ಬಂದಿದ್ದ ನಕಲಿನಲ್ಲಿ ಸಹಿಯ ಭಾಗವೇ ಇರಲಿಲ್ಲ. ಕಿಟಕಿಯಲ್ಲಿದ್ದ ಗುಮಾಸ್ತರು ಮೂಲ ವರದಿಯ ಕಡತ ತಿರುಗಿಸಿ ತೋರಿಸಿದರು. ಕೆಳಗಿದ್ದ ಸಹಿ ನನ್ನದು.

ನೆನಪಾಯಿತು. ಒಂದು ಮಧ್ಯಾಹ್ನ ಮೂವತ್ತೆಂಟು ವರದಿಗಳ ಕಟ್ಟು ಬಂದಿತ್ತು. ಹೆಸರಿರಲಿಲ್ಲ, ಬರೀ ಸಂಖ್ಯೆ. ಐದು ಗಂಟೆಯೊಳಗೆ ವಾಪಸು ಎಂಬ ಚೀಟಿ. ಮೊದಲ ನಾಲ್ಕನ್ನು ಓದಿದೆ, ಚೆನ್ನಾಗಿಯೇ ಇದ್ದವು. ಉಳಿದದ್ದಕ್ಕೆ ಸಹಿ ಗೀಚುತ್ತಾ ಹೋದೆ. ಯಾವುದನ್ನೂ ಸುಮ್ಮನೆ ಒಪ್ಪಬೇಡಿ ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವಳು ಮೂವತ್ತನಾಲ್ಕು ಸಲ ಸುಮ್ಮನೆ ಒಪ್ಪಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಿಮ್ಮನ್ನು ಬೈಯಲು ತಂದಿದ್ದ ಮಾತುಗಳನ್ನೆಲ್ಲ ನುಂಗಿಕೊಂಡು ಮೆಟ್ಟಿಲಿಳಿದೆ.

ಅಲ್ಲಿಂದ ನೇರ ಬಟ್ಟೆ ಅಂಗಡಿಗೆ ಹೋದೆ. ಅವಳು ಮತ್ತೆ ಅದೇ ಕೌಂಟರಿನ ಹಿಂದೆ ನಿಂತು ಪರದೆ ಬಟ್ಟೆ ಮಡಚುತ್ತಿದ್ದಳು. ಯಾಕಮ್ಮಾ, ಬಾಟಣ್ಣನ ಮೇಲೆ ಅಷ್ಟು ಹಾರಾಡುತ್ತಿದ್ದವಳು ಈ ವರದಿಗೆ ಯಾಕೆ ಸುಮ್ಮನಾದೆ ಎಂದು ಕೇಳಿದೆ. ಅವಳು ತಲೆಯೆತ್ತಲಿಲ್ಲ.

“ಅವನೊಬ್ನೇ ಆಗಿದ್ರೆ ಬಿಡ್ತಿದ್ನಾ ಮೇಡಂ? ಕೆಳಗೆ ನಿಮ್ಮ ಸಹಿ ಇತ್ತಲ್ಲ. ನೀವೂ ಆವತ್ತು ಅಲ್ಲೇ ಇದ್ರಿ, ಎಲ್ಲಾ ನೋಡಿದ್ರಿ. ಆ ಮಗು ಮಾತಾಡ್ತು ಅಂತ ನಂಗೇ ಭ್ರಮೆ ಆಗಿರ್ಬೇಕು ಅಂದ್ಕೊಂಡೆ.”

ಮಾನ್ಯರೇ, ನನ್ನ ಬೇಡಿಕೆಗಳನ್ನು ಬರೆದುಕೊಳ್ಳಿ. ಆ ಧ್ವನಿಮುದ್ರಿಕೆಯನ್ನು ಫ್ಯಾನಿಲ್ಲದ ಒಂದು ಕೋಣೆಯಲ್ಲಿ, ನಾಲ್ಕು ಮನುಷ್ಯರ ಎದುರು ಹಾಕಿಸಿ. ಆ ನಾಲ್ವರಲ್ಲಿ ನೀವೂ ಒಬ್ಬರಾಗಿ. ತರಗತಿ ಶಿಕ್ಷಕಿ ಸಾಕ್ಷಿ ಹೇಳಲು ಒಪ್ಪಿದ್ದಾರೆ. ತಿಂಗಳು ಮುಗಿಯುವುದರೊಳಗೆ ಆ ಫಲಿತಾಂಶ ರದ್ದಾಗಲಿ. ಉಳಿದ ಮೂವತ್ತಮೂರು ವರದಿಗಳನ್ನೂ ನನಗೆ ವಾಪಸು ಕೊಡಿ, ಈ ಸಲ ಓದುತ್ತೇನೆ. ಬುಧವಾರದ ಪೀರಿಯಡ್ಡು ನಮಗೆ ಬೇಕು. ಅದರ ಮೊದಲ ದಿನ ಜಗಳವಾಡಲು ಬೇರೆ ವಿಷಯ ಹುಡುಕಬೇಕಾಗಿಲ್ಲ, ನನ್ನ ಸಹಿಯಿರುವ ಈ ವರದಿಯೇ ಸಾಕು. ನನ್ನ ಮೇಲೆ ಯಾವ ಶಿಸ್ತುಕ್ರಮ ಬೇಕಾದರೂ ಕೈಗೊಳ್ಳಿ, ಆದರೆ ಅದರ ಆದೇಶವನ್ನು ನೀವೇ ಬರೆಯಿರಿ. ತನ್ನ ಕಿವಿಯಿಂದ ಕೇಳಿದ್ದನ್ನೇ ಭ್ರಮೆ ಎಂದು ನಂಬಿ ಒಬ್ಬ ಶಿಕ್ಷಕಿ ಪರದೆ ಬಟ್ಟೆ ಮಡಚುತ್ತಿದ್ದಾಳೆ. ಆ ಮಗು ಮಾತಾಡಿದ್ದು ನಿಜ, ನಾನು ಕೇಳಿದ್ದೇನೆ ಎಂದು ಅವಳಿಗೆ ಹೇಳಬೇಕಾದವಳು ನಾನು. ಅಂಗಡಿಯಲ್ಲಿ ಹೇಳಿದೆ. ಅವಳು ಕೇಳಿದ್ದು ಒಂದೇ: “ಬರೆದು ಕೊಡ್ತೀರಾ ಮೇಡಂ?”

ಬರೆದು ಕೊಟ್ಟಿದ್ದೇನೆ. ಇದೇ ಅದು.

ಇಂತಿ,
ಈ ಪತ್ರವನ್ನು ಎರಡು ಸಲ ಓದಿ ಸಹಿ ಹಾಕಿರುವ,
ಆ ವರದಿಗೆ ಒಮ್ಮೆಯೂ ಓದದೆ ಸಹಿ ಹಾಕಿದ್ದ,
ಒಬ್ಬ ಅನುಭವಿ ತರಬೇತುದಾರಳು