ಮೊದಲು ಉಣ್ಣುತ್ತಿದ್ದವಳಿಗೆ

ಕಾಪು, ೨೦೦೪

ಅವ್ವಾ,

ನೀನು ತೀರಿಕೊಂಡ ಮೇಲೂ ಇದನ್ನು ಮೊದಲು ನಿನಗೇ ಹೇಳಬೇಕೆನಿಸಿತು. ನಿನ್ನೆ ಮಣಿಪಾಲದಲ್ಲಿ ಸ್ಕ್ಯಾನ್ ಮಾಡಿಸಿದೆ. ಪಿತ್ತಕೋಶದಲ್ಲಿ ಕಲ್ಲುಗಳಿವೆ. ದಿನಾ ಬೆಳಿಗ್ಗೆ ಬರೀ ಚಹಾ ಕುಡಿದು, ಎಲ್ಲರದೂ ಊಟ ಆದ ಮೇಲೆ ಉಣ್ಣುತ್ತೇನೆಂದಾಗ ಡಾಕ್ಟರಮ್ಮ ಗದರಿದರು.

"ಹೊಟ್ಟೆ ಅಷ್ಟು ಹೊತ್ತು ಖಾಲಿ ಇದ್ದರೆ ಪಿತ್ತರಸ ಅಲ್ಲೇ ನಿಂತು ಗಟ್ಟಿ ಆಗ್ತದೆ. ಹೊತ್ತಿಗೆ ಸರಿಯಾಗಿ ತಿನ್ನಿ ಮಾರಾಯ್ರೆ, ಸೊಪ್ಪು ತರಕಾರಿ ತಿನ್ನಿ."

ನೀನೇ ಕಣ್ಮುಂದೆ ಬಂದೆ. ಕಾರ್ಕಳದಲ್ಲಿ ಕಟ್ಟಡ ಕೆಲಸದವರ ಶೆಡ್ಡಿನಲ್ಲಿ ನೀನು ಗಂಡಸರಿಗಿಂತ ಮೊದಲೇ ರೊಟ್ಟಿ, ಸೊಪ್ಪಿನ ಪಲ್ಯ ಹಾಕಿಕೊಂಡು ಎಂಥ ಗತ್ತಿನಿಂದ ಕೂರುತ್ತಿದ್ದೆ! ಯಾರು ಆಡಿಕೊಂಡರೂ ನಿನ್ನ ಕೈ ನಿಲ್ಲುತ್ತಿರಲಿಲ್ಲ. "ಬಾ ನಾಗಿ, ನೀನೂ ಕುಂದರು" ಎಂದು ನನ್ನನ್ನು ದಿನಾ ಕರೆಯುತ್ತಿದ್ದೆ.

ಇವತ್ತು ನಾನು ಎಲ್ಲರಿಗಿಂತ ಮೊದಲು ಊಟಕ್ಕೆ ಕೂತೆ. ಮಗಳನ್ನೂ ಕರೆದೆ.

"ಅಪ್ಪನದ್ದು ಆಗಲಿ ಅಮ್ಮ, ನಾನು ಮತ್ತೆ ತಿಂತೇನೆ" ಅಂದಳು.

ನಾನೂ ನಿನಗೆ ಹೀಗೇ ಹೇಳುತ್ತಿದ್ದೆ, ಅಲ್ಲವಾ ಅವ್ವ?