ತೊಟ್ಟಿಯ ಮೀನುಗಳನ್ನು ಬದಲಾಯಿಸಿದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮೂರಿನ ಬಾವಿ ನೀರಿಗೆ ಸತ್ತ ಮೀನುಗಳನ್ನು ತಮ್ಮ ಸಿಬ್ಬಂದಿ ಮರೆಮಾಡಿ, ತೊಟ್ಟಿಗೆ ಬೇರೆ ಮೀನು ತಂದು ಬಿಟ್ಟರು. ಅವನ್ನು ನಂಬಿ ನೀರು ಕುಡಿದ ತಿಮ್ಮಯ್ಯ ಸತ್ತ. ಮನವಿ ಕೊಟ್ಟಾಗ ಓದಲು ತಮಗೆ ಪುರುಸೊತ್ತಿರಲಿಲ್ಲ. ಪತ್ರಿಕೆಯನ್ನಾದರೂ ಓದುತ್ತೀರೆಂದು ಇಲ್ಲಿ ಬರೆಯುತ್ತಿದ್ದೇನೆ.

ಗದ್ದೆಗಳಿಗೆ ಎಂಡ್ರಿನ್ ಎಂಬ ಕೀಟನಾಶಕ ಹೊಡೆಯಲು ಶುರುವಾದಾಗ ನೀರಿನ ಭಯ ಹೇಳಿಕೊಂಡು ತಮ್ಮ ಬಳಿ ಬಂದವರು ನಾವೇ. ಬಾವಿಯ ಪಕ್ಕ ತೊಟ್ಟಿ ಕಟ್ಟಿಸಿ, ಮೀನು ಬಿಡಿಸಿ, ನಮ್ಮ ಶಾಲೆಯಂಗಳದಲ್ಲಿ ತಾವು ಭಾಷಣ ಮಾಡಿದಿರಿ: "ವಿಷ ಮನುಷ್ಯನಿಗಿಂತ ಮೊದಲು ಮೀನಿಗೆ ಗೊತ್ತಾಗುತ್ತದೆ. ದಿನವೂ ಮೊದಲ ಕೊಡ ತೊಟ್ಟಿಗೆ ಸುರಿಯಿರಿ. ಮೀನು ಚೆನ್ನಾಗಿದ್ದರೆ ಕುಡಿಯಿರಿ." ಎಷ್ಟು ಸರಳ! ನಾನೂ ಚಪ್ಪಾಳೆ ತಟ್ಟಿದೆ. ಮಕ್ಕಳಿಗೆ ಅದನ್ನೇ ಪಾಠ ಮಾಡಿದೆ.

ತಿಮ್ಮಯ್ಯನ ಹೆಂಡತಿ ಹೊಂಬಾಳಮ್ಮ ಆ ಕೆಲಸವನ್ನು ವ್ರತದಂತೆ ಮಾಡಿದಳು. ಈ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವಳು ನೀರು ಸುರಿದ ಸ್ವಲ್ಪ ಹೊತ್ತಿಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಯಾರೋ ಎಂಡ್ರಿನ್ ಡಬ್ಬವನ್ನು ಬಾವಿಯಲ್ಲೇ ಅದ್ದಿ ತೊಳೆದಿದ್ದರಂತೆ. "ಯಾರೂ ನೀರು ಮುಟ್ಬ್ಯಾಡ್ರಪ್ಪೋ!" ಎಂದು ಕೂಗುತ್ತಾ ಅವಳು ಬೀದಿಬೀದಿ ಓಡಿದಳು. ನಾವು ಕಚೇರಿಗೆ ಹೇಳಿಕಳಿಸಿದೆವು.

ಸಂಜೆ ಜೀಪು ಬಂತು. ತಮ್ಮ ಸಹಾಯಕರು ಮರೆಯಲ್ಲಿ ಏನೋ ಮಾಡಿ, "ನೀರು ಸರಿಹೋಯ್ತು ಕಣಮ್ಮ, ನೋಡು ಎಂಗೆ ಈಜ್ತಾವೆ" ಎಂದರು. ಮೀನು ನಿಜಕ್ಕೂ ಈಜುತ್ತಿದ್ದವು. ಹೊಂಬಾಳಮ್ಮ ನೀರು ಸೇದಿದಳು. ಗದ್ದೆಯಿಂದ ಬಾಯಾರಿ ಬಂದ ಗಂಡನಿಗೆ ಚೊಂಬು ತುಂಬಿ ಕೊಟ್ಟಳು. ಉಣ್ಣಲು ಕೂರುವ ಮೊದಲೇ ಅವನ ಬಾಯಲ್ಲಿ ನೊರೆ ಬಂತು, ಕೈಕಾಲು ಸೆಳೆಯಿತು. ಗಾಡಿಯಲ್ಲಿ ಮಳವಳ್ಳಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಜೀವ ಹೋಯಿತು.

ತಿಮ್ಮಯ್ಯನ ಮಣ್ಣಿಗೆ ಬಂದಿದ್ದ ತಮ್ಮ ಜೀಪಿನ ಚಾಲಕ ನನ್ನ ಮುಂದೆ ಅತ್ತುಬಿಟ್ಟ. "ಆ ತೊಟ್ಟಿ ನೀರು ನಿಮ್ಮೂರ್ದಲ್ಲ ಮೇಡಮ್ಮೋರೆ. ಡ್ರಮ್ಮಲ್ಲಿ ತಂದು ತುಂಬಿದ್ದು. ನಾಳೀಕೆ ದೊಡ್ಡ ಸಾಹೇಬ್ರು ನೋಡಾಕ್ ಬತ್ತಾರೆ, ಮೀನು ಸತ್ತಿರಬಾರ್ದು ಅಂತ ಸಹಾಯಕ್ರು ಅಂದ್ರು."

ಮೀನು ಸತ್ತು ತನ್ನ ಕರ್ತವ್ಯ ಮಾಡಿತ್ತು. ತಾವು ಬದುಕಿದ್ದು ಯಾವ ಕರ್ತವ್ಯ ಮಾಡಿದಿರಿ? ತೊಟ್ಟಿಯೇ ಇಲ್ಲದಿದ್ದರೆ ನಾವು ಅನುಮಾನಪಟ್ಟು ಬದುಕುತ್ತಿದ್ದೆವು. ನಂಬಿಕೆಯನ್ನು ಕಲಿಸಿ, ಅದರಿಂದಲೇ ಕೊಂದಿರಿ.

"ಕುಡೀರಿ, ಮೀನು ಚೆನ್ನಾಗವೆ ಅಂದವಳು ನಾನೇ ಕಣವ್ವಾ" ಎಂದು ಹೊಂಬಾಳಮ್ಮ ಇಂದಿಗೂ ಗೋಳಾಡುತ್ತಾಳೆ. ನಮ್ಮ ಸಮಾಧಾನ ಅವಳಿಗೆ ನಾಟುತ್ತಿಲ್ಲ. ಆದ್ದರಿಂದ ತಾವೇ ಬರಬೇಕು. ಅವಳ ಹಟ್ಟಿ ಮುಂದೆ ನಿಂತು, ಊರಿಗೆಲ್ಲ ಕೇಳುವಂತೆ ಹೇಳಬೇಕು: "ತಪ್ಪು ನಿನ್ನದಲ್ಲ ತಾಯಿ, ನಮ್ಮದು."

ಇಂತಿ,
ಇಷ್ಟಾದರೂ ತಾವು ಬರುವಿರೆಂದು ದಾರಿ ನೋಡುವಷ್ಟು ದಡ್ಡಿ,
ಪದ್ಮಮ್ಮ
ಪ್ರಾಥಮಿಕ ಶಾಲಾ ಉಪಾಧ್ಯಾಯಿನಿ, ಮಳವಳ್ಳಿ ತಾಲ್ಲೂಕು