ಸಮುದ್ರದಲ್ಲಿ ಮೀನಿದೆಯಾ ಎಂದು ಕೇಳಿದರು

ಬಾಯಿಜೋರಿನ ನನ್ನ ಅತ್ತೆಯವರಿಗೆ,

ಇವತ್ತು ಬೆಳಿಗ್ಗೆ ನೀವು ಮಾತಾಡಿದಿರಿ! ಬರೀ ಮಾತೇ? ಅಧಿಕಪ್ರಸಂಗ! ಐಸಿಯುನ ನರ್ಸ್‌ಗಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರೆ ನಾನೊಬ್ಬಳು ಗೊಳೋ ಎಂದು ಅಳುತ್ತಾ ನಿಂತಿದ್ದೆ. ಈ ದಿನಗಳು ನಿಮಗೆ ನೆನಪೇ ಇರುವುದಿಲ್ಲವಂತೆ, ಇದ್ದರೂ ಕನಸು ನಿಜ ಎಲ್ಲ ಕಲಸಿಹೋಗಿರುತ್ತದಂತೆ. ನಡೆದದ್ದನ್ನು ಮನೆಯವರು ಬರೆದಿಟ್ಟರೆ ಮುಂದೆ ಓದಿ ನೆಮ್ಮದಿಯಾಗುತ್ತದೆ ಎಂದು ಡಾಕ್ಟರ್ ಕೆ ಹೇಳಿದರು. ನಿಮ್ಮ ಮಗ ವೆನ್-ಪಿನ್ ಬರೆದರೆ ನಾಲ್ಕು ಸಾಲಿಗೆ ಮುಗಿಸಿ ಎದ್ದುಬಿಡುತ್ತಾರೆ. ಅದಕ್ಕೇ ನಾನು ಕೂತಿದ್ದೇನೆ.

ಸಿಂಪಿ ಬಿಡಿಸುವಾಗ ಚಿಪ್ಪು ತಾಗಿ ಹೆಬ್ಬೆರಳ ಬುಡ ಸೀಳಿತಲ್ಲ, ಶುರುವಾದದ್ದು ಅಲ್ಲಿಂದ. ಡಾಕ್ಟರಿಗೆ ತೋರಿಸೋಣ ಎಂದರೆ, "ಈ ಕೈಗೆ ಚಿಪ್ಪು ತಾಗದ ದಿನ ಯಾವ್ದಿದೆ? ಹೋಗೇ, ಬುಟ್ಟಿ ತಾ" ಎಂದು ಗದರಿದಿರಿ. ಮರುದಿನ ಕೈ ಊದಿತು, ಮೈ ಕೆಂಡವಾಯಿತು, ನನ್ನನ್ನು ನಿಮ್ಮ ತೀರಿಹೋದ ತಂಗಿಯ ಹೆಸರು ಹಿಡಿದು ಕರೆದಿರಿ. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿಬಿಟ್ಟಿತ್ತು.

ಆಸ್ಪತ್ರೆಯಲ್ಲಿ ನಿಮ್ಮ ದರ್ಬಾರು ಕೇಳಿ! ನರ್ಸನ್ನು ಮೀನು ಹರಾಜು ಕೂಗುವವಳೆಂದು ತಿಳಿದು ಚೌಕಾಸಿಗೆ ಇಳಿದಿರಿ. ಛಾವಣಿಯಿಂದ ಏಡಿಗಳು ಇಳಿಯುತ್ತಿವೆ, ಬುಟ್ಟಿ ಹಿಡಿ ಎಂದಿರಿ. ಆಮೇಲೆ ಗಂಟೆಗಟ್ಟಲೆ ಗೋಡೆ ನೋಡುತ್ತಾ ಸುಮ್ಮನಾಗುತ್ತಿದ್ದಿರಿ. ನನಗೆ ಏಡಿಗಿಂತ ಆ ಮೌನದ್ದೇ ಭಯ.

ದೊಡ್ಡಮಾವ ನೋಡಲು ಬಂದ ದಿನವೇ ನೀವು ಮೂಲೆಯತ್ತ ತಿರುಗಿ, "ಏನ್ರೀ, ಬಂದ್ರಾ? ಇರಿ, ನಾನೂ ಬಂದೆ" ಎನ್ನಬೇಕೇ? ಮಾವ ತೀರಿಕೊಂಡು ಎಷ್ಟು ವರ್ಷವಾಯಿತು! ದೊಡ್ಡಮಾವನ ಮುಖ ಬಿಳಿಚಿಹೋಯಿತು. "ನನ್ನ ತಮ್ಮ ಕರೆಯೋಕೆ ಬಂದಿದ್ದಾನೆ. ಉಸಿರಿರುವಾಗ್ಲೇ ಇವಳನ್ನ ಮನೆ ಸೇರಿಸ್ಬೇಕು. ಹೊರಗೆ ಪ್ರಾಣ ಹೋದ್ರೆ ಆತ್ಮಕ್ಕೆ ಮನೆ ದಾರಿ ಸಿಗಲ್ಲ" ಎಂದರು.

ನಮ್ಮ ತುಂಗ್‌ಶಿಯಂಥ ಕಡಲೂರಲ್ಲಿ ಹಿರಿಯರು ಹೀಗೆಂದ ಮೇಲೆ ಎದುರಾಡುವವರು ಯಾರು? ಮನೆಯಲ್ಲಿ ನಡುಕೋಣೆ ಖಾಲಿ ಮಾಡಿ ನಿಮಗೆ ಹಲಗೆ ಹಾಸಿದರು. ಸಾವು ಕಾಣದಿರಲೆಂದು ದೇವರಿಗೂ ತೀರಿಹೋದ ಹಿರೀಕರ ಹೆಸರಿನ ಫಲಕಕ್ಕೂ ಕೆಂಪು ಕಾಗದ ಮುಚ್ಚಿದರು. ನಿಮ್ಮ ಮಗ ಇತ್ತ ಆಸ್ಪತ್ರೆಯಲ್ಲಿ ಒಪ್ಪಿಗೆ ಕಾಗದದ ಮುಂದೆ ಪೆನ್ನು ಹಿಡಿದು ಕೂತಿದ್ದರು. ಸಹಿ ಹಾಕಿದರೆ ಆಮ್ಲಜನಕ, ಔಷಧಿ ಎಲ್ಲ ಬಿಡಿಸಿ ನಿಮ್ಮನ್ನು ಮನೆಗೆ ಒಯ್ಯುವುದು, ಅಷ್ಟೇ.

ಡಾಕ್ಟರ್ ಕೆ ಓಡಿಬಂದರು. "ಅಜ್ಜ, ಕ್ರಿಮಿ ಮಿದುಳಿಗೆ ಹೋಗಿಲ್ಲ. ನಂಜಿನ ಜೊತೆ ಮೈ ಗುದ್ದಾಡ್ತಿದೆ, ಆ ಗಲಾಟೆಯ ಏಟು ಮಿದುಳಿಗೆ ಬಿದ್ದಿದೆ. ರಕ್ತದಲ್ಲಿರೋ ಬೇಡದ್ದನ್ನ ಮಿದುಳಿಗೆ ಬಿಡದ ಹಾಗೆ ಒಂದು ತಡೆ ಇರತ್ತೆ, ಈಗ ಅದು ಸೋರ್ತಿದೆ. ಅದಕ್ಕೇ ಇಲ್ಲದೋರು ಕಾಣ್ತಾರೆ, ಎದುರಿಗಿರೋರು ಗೊತ್ತಾಗಲ್ಲ. ಜ್ವರ ಇಳೀತಿದೆ, ರಕ್ತದೊತ್ತಡ ನಿಲ್ತಿದೆ. ತಲೆ ಸರಿಹೋಗೋದು ಎಲ್ಲಕ್ಕಿಂತ ಕೊನೇಲಿ. ಸ್ವಲ್ಪ ಕಾಯಿರಿ."

ದೊಡ್ಡಮಾವ ತಲೆ ಆಡಿಸಿದರು, ಒಪ್ಪಲಿಲ್ಲ. ನನಗೆ ಎಲ್ಲಿತ್ತೋ ಧೈರ್ಯ, ಪೆನ್ನು ಕಿತ್ತುಕೊಂಡೆ. "ದೊಡ್ಡಮಾವ, ಮೊನ್ನೆ ಅತ್ತೆಗೆ ಏಡಿಗಳು ಕಂಡ್ವು. ಏಡಿಗಳೂ ಕರೆಯೋಕೆ ಬಂದಿದ್ವಾ?" ಎಂದೆ.

"ಸೊಸೆಗೆ ಇಷ್ಟು ಬಾಯಿ ಬಂತಾ? ಇವಳ ಆತ್ಮ ಬೀದೀಲಿ ಅಲೆದ್ರೆ ಅದರ ಹೊಣೆ ಯಾರದು?"

"ನಂದು" ಎಂದೆ. ನಿಮ್ಮ ಮಗ ಸಹಿ ಹಾಕದ ಆ ಕಾಗದವನ್ನು ಮಡಚಿ ಡಾಕ್ಟರಿಗೇ ವಾಪಸು ಕೊಟ್ಟರು. ನನ್ನ ಗಂಡನ ಮೇಲೆ ಅಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಅವತ್ತಿನಿಂದ ದಿನಾ ಬೆಳಿಗ್ಗೆ ಡಾಕ್ಟರ್ ಅವೇ ಪ್ರಶ್ನೆ ಕೇಳುತ್ತಿದ್ದರು. ಬುದ್ಧಿ ತಿಳಿಯಾಯಿತೇ ಎಂದು ನೋಡಲು ಹಾಗೆ ಕೇಳುತ್ತಾರಂತೆ. ಕಲ್ಲು ನೀರಲ್ಲಿ ತೇಲತ್ತಾ? ಸಮುದ್ರದಲ್ಲಿ ಮೀನಿದೆಯಾ? ನೀವು ಗೋಡೆ ನೋಡುತ್ತಿದ್ದಿರಿ. ಒಮ್ಮೆ ಕಲ್ಲು ತೇಲುತ್ತದೆ ಎಂದುಬಿಟ್ಟಿರಿ. ದೊಡ್ಡಮಾವ ನನ್ನತ್ತ ನೋಡಿ ಗಂಟಲು ಸರಿಮಾಡಿಕೊಂಡರು. ಕಡಲ ದೇವತೆ ಮಾಜು ತಾಯಿಗೆ ನಾನು ಹೊತ್ತ ಹರಕೆಗಳನ್ನು ತೀರಿಸಲು ಇನ್ನೊಂದು ಜನ್ಮ ಬೇಕು.

ಇವತ್ತು ನರ್ಸ್ ಪರದೆ ಸರಿಸಿ ನಿಮಗೆ ಕನ್ನಡಕ ಹಾಕಿದರು. ಕಲ್ಲು ತೇಲತ್ತಾ ಎಂದಾಗ ನೀವು ಡಾಕ್ಟರನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿ, ಇಲ್ಲ ಎಂದಿರಿ. ಸಮುದ್ರದಲ್ಲಿ ಮೀನಿದೆಯಾ?

ಒಂದು ನಿಟ್ಟುಸಿರು ಬಿಟ್ಟಿರಿ. "ಮೊದಲಿನ ಹಾಗೆ ಎಲ್ಲಿದೆಯಮ್ಮ!"

ಡಾಕ್ಟರ್ ತಬ್ಬಿಬ್ಬು. ಇದು ಹೌದೋ ಇಲ್ಲವೋ? ಬಾಗಿಲಲ್ಲಿದ್ದ ದೊಡ್ಡಮಾವ ಕೂಗಿಯೇಬಿಟ್ಟರು: "ಸರಿಯಾಗೇ ಹೇಳಿದ್ಲು ಡಾಕ್ಟ್ರೇ! ನಮ್ಮೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ!" ಕಣ್ಣೊರೆಸಿಕೊಳ್ಳುತ್ತಲೇ ಹೊರಗೆ ಹೋಗಿ, "ಆ ಕೆಂಪು ಕಾಗದ ಈಗ್ಲೇ ಕಿತ್ತು ಬಿಸಾಕ್ರೋ!" ಎಂದು ಫೋನಿನಲ್ಲಿ ಮನೆಯವರಿಗೆ ಗದರುತ್ತಿದ್ದರು.

ಆಮೇಲೆ ನೀವು ನನ್ನತ್ತ ತಿರುಗಿದಿರಿ. ನಾನು ಕುಣಿಯುವುದೊಂದು ಬಾಕಿ. "ಈ ಹುಡುಗಿ ಯಾರು? ಯಾಕೆ ಅಳ್ತಿದ್ದಾಳೆ?" ಎಂದಿರಿ.

ಎದೆ ಧಸಕ್ಕೆಂದಿತು, ಸುಳ್ಳು ಹೇಳುವುದಿಲ್ಲ. ನೆನಪುಗಳು ಒಂದೊಂದಾಗಿ ಬರುತ್ತವೆ, ಕೆಲವಕ್ಕೆ ತಿಂಗಳುಗಳೇ ಹಿಡಿಯಬಹುದು, ಕೆಲವು ಬಾರದೆಯೂ ಇರಬಹುದು ಎಂದರು ಡಾಕ್ಟರ್. ಇರಲಿ ಬಿಡಿ! ಮೀನು ನೆನಪಾದವರಿಗೆ ಸೊಸೆ ಯಾವ ಮಹಾ? ನಾಳೆ ಮತ್ತೆ ಬರುತ್ತೇನೆ, ನಾಳಿದ್ದೂ ಬರುತ್ತೇನೆ. ಇದನ್ನು ಓದುವಾಗಲೂ ನಾನು ಯಾರೆಂದು ತಿಳಿಯದಿದ್ದರೆ ಕೇಳಿ: ನಾನು ನಿಮ್ಮ ಮಗನ ಹೆಂಡತಿ. ನಾವಿಬ್ಬರೂ ಒಂದು ದಿನವೂ ಜಗಳವಾಡಿದವರಲ್ಲ. ನಾನು ಮಾಡಿದ ಮೀನಿನ ಗಂಜಿಯೆಂದರೆ ನಿಮಗೆ ಪ್ರಾಣ. ಇದೆಲ್ಲ ಸುಳ್ಳು ಎಂದು ನೀವು ಎದ್ದು ಕೂತು ಬಯ್ಯುವ ದಿನಕ್ಕೆ ಕಾಯುತ್ತಿದ್ದೇನೆ.

ನನ್ನನ್ನು ಬಯ್ಯುತ್ತಲೇ ನೂರು ಕಾಲ ಬಾಳಿ.

ನಿಮ್ಮ ಸೊಸೆ,
ಯಾ-ರುಂಗ್